ಪರಿಚಯಪತ್ರವಿಲ್ಲದೆ ಬಂದವನು

ಫಿಲಡೆಲ್ಫಿಯಾದಿಂದ ಹೊರಟಿದ್ದ ಹಡಗೊಂದು 1724ರ ಡಿಸೆಂಬರ್ 24ರಂದು ಲಂಡನ್ ತಲುಪಿತು. ಅದರಲ್ಲಿ ಇನ್ನೂ ಹತ್ತೊಂಬತ್ತು ತುಂಬದ ಮುದ್ರಣ ಕೆಲಸಗಾರನೊಬ್ಬನಿದ್ದ. ಪೆನ್ಸಿಲ್ವೇನಿಯಾದ ಗವರ್ನರ್ ಸರ್ ವಿಲಿಯಂ ಕೀತ್ ಅವನ ಜಾಣ್ಮೆಯನ್ನು ಮೆಚ್ಚಿ, ಸ್ವಂತ ಮುದ್ರಣಾಲಯ ಹಾಕಿಸಿಕೊಡುವುದಾಗಿ ಮಾತು ಕೊಟ್ಟಿದ್ದರು. ಯಂತ್ರ, ಅಚ್ಚುಮೊಳೆಗಳನ್ನು ಕೊಳ್ಳಲು ಸಾಲಪತ್ರ, ಲಂಡನ್ನಿನ ದೊಡ್ಡವರನ್ನು ಕಾಣಲು ಪರಿಚಯಪತ್ರ, ಎಲ್ಲವೂ ಹಡಗಿನ ಅಂಚೆಚೀಲದಲ್ಲೇ ಬರುತ್ತವೆಂದು ಭರವಸೆ ನೀಡಿ ಕಳುಹಿಸಿದ್ದರು. ದಡ ಸಮೀಪಿಸಿದಾಗ ಹುಡುಗ ಆ ಚೀಲವನ್ನು ಜಾಲಾಡಿದ. ಅವನಿಗಾಗಿ ಬರೆದ ಒಂದು ಕಾಗದವೂ ಅದರಲ್ಲಿರಲಿಲ್ಲ. ಸಹಪ್ರಯಾಣಿಕನಾಗಿದ್ದ ಥಾಮಸ್ ಡೆನ್‌ಹ್ಯಾಮ್ ಎಂಬ ವ್ಯಾಪಾರಿ ನಿಜಸಂಗತಿಯನ್ನು ತಿಳಿಸಿದ. ಕೀತ್ ಸಾಹೇಬರನ್ನು ಬಲ್ಲವರು ಯಾರೂ ಅವರ ಮಾತನ್ನು ನಂಬುವುದಿಲ್ಲ, ಸ್ವತಃ ಸಾಲ ಹುಟ್ಟದ ಮನುಷ್ಯ ಇನ್ನೊಬ್ಬನಿಗೆ ಸಾಲಪತ್ರ ಎಲ್ಲಿಂದ ಕೊಟ್ಟಾನು ಎಂದು ನಕ್ಕ. ಮೂರು ಸಾವಿರ ಮೈಲಿ ದೂರದ ಊರಿನಲ್ಲಿ, ಜೇಬಿನಲ್ಲಿ ಅಲ್ಪಸ್ವಲ್ಪ ಹಣವಿಟ್ಟುಕೊಂಡು, ಬೆಂಜಮಿನ್ ಫ್ರಾಂಕ್ಲಿನ್ ಕೆಲಸ ಹುಡುಕಲು ಹೊರಟ.

ಗಾಳಿಪಟ ಹಾರಿಸಿ ಮಿಂಚನ್ನು ಇಳಿಸಿದ ಫ್ರಾಂಕ್ಲಿನ್ ಶಾಲಾ ಪುಸ್ತಕಗಳಿಂದ ನಮಗೆಲ್ಲ ಪರಿಚಿತ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಫ್ರಾಂಕ್ಲಿನ್‌ನೂ ಅಪರಿಚಿತನಲ್ಲ. ಆದರೆ 84 ವರ್ಷಗಳ ಆ ಬದುಕಿನಲ್ಲಿ ಕಾಲು ಶತಮಾನಕ್ಕೂ ತುಸು ಹೆಚ್ಚು ಕಾಲ ಆತ ಊರು ಬಿಟ್ಟು, ಲಂಡನ್ ಮತ್ತು ಪ್ಯಾರಿಸ್‌ಗಳಲ್ಲಿ ದುಡಿದ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಲಂಡನ್ ಆತನಿಗೆ ಪರದೇಶವೇ ಎಂದು ಯಾರಾದರೂ ತಕರಾರು ತೆಗೆಯಬಹುದು. ಕಾನೂನಿನ ಪ್ರಕಾರ ಆತನೂ ಬ್ರಿಟಿಷ್ ದೊರೆಯ ಪ್ರಜೆಯೇ. ಆದರೆ ಬೋಸ್ಟನ್ನಿನ ಸೋಪು, ಮೇಣದಬತ್ತಿ ತಯಾರಕನ ಹದಿನೈದನೆಯ ಮಗುವಿಗೆ, ಎರಡೇ ವರ್ಷ ಶಾಲೆಗೆ ಹೋದವನಿಗೆ, ಆ ಮಹಾನಗರದಲ್ಲಿ ಕಾನೂನಿನ ಪೌರತ್ವದಿಂದ ಯಾವ ಬಾಗಿಲೂ ತೆರೆಯುತ್ತಿರಲಿಲ್ಲ. ಬಾಗಿಲು ತೆರೆಸಲು ಗುರುತಿನವರು ಬೇಕಿತ್ತು. ಈಗಿನ ಉದ್ಯೋಗಸ್ಥರು ನೆಟ್‌ವರ್ಕಿಂಗ್ ಎಂದು ಕರೆಯುವ ವಿದ್ಯೆಯನ್ನು ಆತ ಕಲಿತದ್ದು ಅಂಚೆಚೀಲ ಬರಿದಾಗಿದ್ದ ಆ ದಿನದಿಂದ.

ಅಂಚೆಚೀಲ ಪೂರ್ತಿ ನಿಷ್ಪ್ರಯೋಜಕವಾಗಲಿಲ್ಲ ಎಂಬುದು ಕಥೆಯ ಸ್ವಾರಸ್ಯ. ತನ್ನವಿರಬಹುದೆಂದು ಫ್ರಾಂಕ್ಲಿನ್ ಎತ್ತಿಕೊಂಡ ಕಾಗದಗಳಲ್ಲಿ ಒಂದು, ಫಿಲಡೆಲ್ಫಿಯಾದ ಪ್ರಸಿದ್ಧ ವಕೀಲ ಆಂಡ್ರ್ಯೂ ಹ್ಯಾಮಿಲ್ಟನ್ ವಿರುದ್ಧ ನಡೆಯುತ್ತಿದ್ದ ಒಳಸಂಚಿನ ಸುಳಿವು ಕೊಡುವಂಥದ್ದಾಗಿತ್ತು. ಹ್ಯಾಮಿಲ್ಟನ್ ಲಂಡನ್ನಿಗೆ ಬಂದಾಗ ಹುಡುಗ ಅದನ್ನು ಅವರಿಗೆ ಒಪ್ಪಿಸಿದ. ಅಂದಿನಿಂದ ಹ್ಯಾಮಿಲ್ಟನ್ ಕೊನೆಯವರೆಗೂ ಆತನ ಬೆಂಬಲಕ್ಕೆ ನಿಂತರು. ಪಾಮರ್ ಮತ್ತು ವಾಟ್ಸ್ ಎಂಬುವರ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸುತ್ತ ಹದಿನೆಂಟು ತಿಂಗಳು ಕಳೆದ ಫ್ರಾಂಕ್ಲಿನ್ ಇನ್ನೊಂದು ಸಣ್ಣ ಸಾಹಸವನ್ನೂ ಮಾಡಿದ. ಕಲ್ನಾರಿನಿಂದ ಹೆಣೆದ, ಬೆಂಕಿಯಲ್ಲಿ ಸುಡದ ಒಂದು ಚೀಲ ಆತನ ಬಳಿಯಿತ್ತು. ಅಪೂರ್ವ ವಸ್ತುಗಳ ಸಂಗ್ರಾಹಕ ಸರ್ ಹ್ಯಾನ್ಸ್ ಸ್ಲೋನ್ ಅದನ್ನು ಕೊಂಡರು. ಇಳಿವಯಸ್ಸಿನಲ್ಲಿ ಬರೆದ ಆತ್ಮಕಥೆಯಲ್ಲಿ, ಸ್ಲೋನ್ ಸುದ್ದಿ ಕೇಳಿ ತಾವಾಗಿ ತನ್ನನ್ನು ಹುಡುಕಿ ಬಂದರೆಂದು ಫ್ರಾಂಕ್ಲಿನ್ ಹೇಳಿಕೊಂಡಿದ್ದಾನೆ. 1725ರ ಜೂನ್‌ನಲ್ಲಿ ಆತನೇ ಸ್ಲೋನ್ ಅವರಿಗೆ ಬರೆದ ಕಾಗದ ಉಳಿದುಬಂದಿದೆ. ಮೊದಲು ಬಾಗಿಲು ತಟ್ಟಿದವನು ಆತನೇ. ದೊಡ್ಡವರಾದ ಮೇಲೆ ಎಲ್ಲರಿಗೂ ಬಾಗಿಲು ತಾನಾಗಿ ತೆರೆದಂತೆಯೇ ನೆನಪಾಗುತ್ತದೆ. ಆ ಚೀಲ ಈಗಲೂ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ.

1726ರಲ್ಲಿ ಡೆನ್‌ಹ್ಯಾಮ್ ಜತೆಯಲ್ಲೇ ಊರಿಗೆ ಮರಳಿದ ಫ್ರಾಂಕ್ಲಿನ್ ಮುಂದಿನ ಮೂವತ್ತು ವರ್ಷ ಲಂಡನ್ ಕಾಣಲಿಲ್ಲ. ಆದರೆ ಲಂಡನ್ನಿನಲ್ಲಿ ಆತನ ಹೆಸರು ಬೆಳೆದದ್ದು ಆ ಮೂವತ್ತು ವರ್ಷಗಳಲ್ಲೇ. 1727ರಲ್ಲಿ ತನ್ನಂಥ ಕುಶಲಕರ್ಮಿಗಳನ್ನು, ಗುಮಾಸ್ತರನ್ನು ಸೇರಿಸಿ ಜಂಟೊ ಎಂಬ ಕೂಟ ಕಟ್ಟಿದ. ಶುಕ್ರವಾರ ಸಂಜೆ ಸೇರುವುದು, ಓದಿದ್ದನ್ನು ಚರ್ಚಿಸುವುದು, ಊರಿಗೆ ಹೊಸದಾಗಿ ಬಂದ ಯೋಗ್ಯರಿಗೆ ಕೂಟದಿಂದ ಏನು ನೆರವಾಗಬಹುದೆಂದು ವಿಚಾರಿಸುವುದು ಅದರ ಕ್ರಮ. ಈ ಕೂಟದ ಪುಸ್ತಕದ ಹಸಿವಿನಿಂದಲೇ 1731ರಲ್ಲಿ ಚಂದಾ ಗ್ರಂಥಾಲಯವೊಂದು ಹುಟ್ಟಿತು. ಅದಕ್ಕೆ ಲಂಡನ್ನಿನಿಂದ ಪುಸ್ತಕ ಆರಿಸಿ ಕಳುಹಿಸುತ್ತಿದ್ದವರು ಪೀಟರ್ ಕಾಲಿನ್ಸನ್. ವೃತ್ತಿಯಿಂದ ಬಟ್ಟೆ ವ್ಯಾಪಾರಿ, ಪ್ರವೃತ್ತಿಯಿಂದ ಸಸ್ಯಪ್ರೇಮಿ, ರಾಯಲ್ ಸೊಸೈಟಿಯ ಸದಸ್ಯ. ದಶಕಗಳ ಕಾಲ ಈ ಸೇವೆಗೆ ಅವರು ಬಿಡಿಗಾಸು ಪಡೆಯಲಿಲ್ಲ. 1740ರ ದಶಕದ ನಡುವೆ ಅವರು ಪುಸ್ತಕದ ಪೆಟ್ಟಿಗೆಯೊಂದಿಗೆ ಗಾಜಿನ ನಳಿಗೆಯೊಂದನ್ನೂ, ಅದನ್ನು ಉಜ್ಜಿ ವಿದ್ಯುತ್ ಹುಟ್ಟಿಸುವ ವಿವರವನ್ನೂ ಕಳುಹಿಸಿದರು. ಫ್ರಾಂಕ್ಲಿನ್ ಪ್ರಯೋಗಗಳು ಶುರುವಾದದ್ದು ಹಾಗೆ. ಫಲಿತಾಂಶಗಳನ್ನು ಆತ ಕೃತಜ್ಞತೆಯ ಕಾಗದಗಳಾಗಿ ಕಾಲಿನ್ಸನ್‌ಗೆ ಬರೆಯುತ್ತ ಹೋದ. ಅವರು ಅವನ್ನು ಸೊಸೈಟಿಯಲ್ಲಿ ಓದಿಸಿದರು, 1751ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದರು. ಮರುವರ್ಷವೇ ಅದು ಫ್ರೆಂಚ್‌ಗೆ ಅನುವಾದವಾಯಿತು. 1752ರ ಮೇ 10ರಂದು ಪ್ಯಾರಿಸ್ ಸಮೀಪದ ಮಾರ್ಲಿ ಎಂಬಲ್ಲಿ ಆತ ಸೂಚಿಸಿದ ಪ್ರಯೋಗ ಯಶಸ್ವಿಯಾದಾಗ, ಆ ಸುದ್ದಿ ಕೂಡ ತಿಳಿಯದೆ ಫ್ರಾಂಕ್ಲಿನ್ ಫಿಲಡೆಲ್ಫಿಯಾದಲ್ಲಿದ್ದ. 1753ರಲ್ಲಿ ಕಾಪ್ಲಿ ಪದಕ ಬಂತು, 1756ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ.

ವಿಲಿಯಂ ಸ್ಟ್ರಾಹನ್ ಜತೆಗಿನ ಸ್ನೇಹವೂ ಕಾಗದದಲ್ಲೇ ಬೆಳೆಯಿತು. ಲಂಡನ್ನಿನ ಈ ಸ್ಕಾಟಿಷ್ ಮುದ್ರಕ, ತನ್ನ ಬಳಿಯಿದ್ದ ಡೇವಿಡ್ ಹಾಲ್ ಎಂಬ ತರುಣನಿಗೆ ಅಮೆರಿಕದಲ್ಲಿ ಎಲ್ಲಾದರೂ ನೆಲೆ ಸಿಗುವುದೇ ಎಂದು 1743ರಲ್ಲಿ ವಿಚಾರಿಸಿದ್ದ. ಫ್ರಾಂಕ್ಲಿನ್ ಕರೆಸಿಕೊಂಡ. ಕೀತ್‌ನನ್ನು ನಂಬಿ ತಾನು ಹೊರಟಂತೆ ಹೊರಟು ಬಂದ ಹುಡುಗನಿಗೆ ಮೋಸವಾಗಲಿಲ್ಲ, ಐದಾರು ವರ್ಷದೊಳಗೆ ಹಾಲ್ ಪಾಲುದಾರನೇ ಆದ. ಆತನ ಕೈಗೆ ಮುದ್ರಣಾಲಯ ಒಪ್ಪಿಸಿ 1748ರಲ್ಲಿ, 42ನೆಯ ವಯಸ್ಸಿಗೆ, ಫ್ರಾಂಕ್ಲಿನ್ ವ್ಯಾಪಾರದಿಂದ ನಿವೃತ್ತನಾದ. ಮುಂದೆ ಆತ ನಡೆಸಿದ ವಿಜ್ಞಾನ, ರಾಜಕಾರಣಗಳೆರಡಕ್ಕೂ ಅನ್ನ ಹಾಕಿದ್ದು ಈ ಪಾಲುದಾರಿಕೆ.

1757ರಲ್ಲಿ ಪೆನ್ಸಿಲ್ವೇನಿಯಾದ ಶಾಸನಸಭೆ ಆತನನ್ನು ಲಂಡನ್ನಿಗೆ ಕಳುಹಿಸಿತು. ವಸಾಹತಿನ ಒಡೆಯರಾದ ಪೆನ್ ಕುಟುಂಬದವರು ತಮ್ಮ ಜಮೀನಿಗೆ ತೆರಿಗೆ ಕೊಡಲು ಒಪ್ಪುತ್ತಿರಲಿಲ್ಲ. ಅವರನ್ನು ಬಗ್ಗಿಸುವುದು ಆತನ ಕೆಲಸ. ಕ್ರೇವನ್ ಬೀದಿಯಲ್ಲಿ ಮಾರ್ಗರೆಟ್ ಸ್ಟೀವನ್ಸನ್ ಎಂಬ ವಿಧವೆಯ ಮನೆಯಲ್ಲಿ ಬಿಡಾರ ಹೂಡಿದ. ಕಾಲಿನ್ಸನ್, ಸ್ಟ್ರಾಹನ್‌ರನ್ನು ಕಣ್ಣಾರೆ ಕಂಡದ್ದು ಈಗಲೇ. ವಾರದ ಒಂದೊಂದು ದಿನಕ್ಕೆ ಒಂದೊಂದು ಕೂಟ ಎಂಬಂತಾಯಿತು ಆತನ ದಿನಚರಿ. ಹದಿನೈದು ದಿನಕ್ಕೊಮ್ಮೆ ಗುರುವಾರ ಕಾಫಿ ಹೌಸಿನಲ್ಲಿ ಸೇರುತ್ತಿದ್ದ ಕೂಟವೊಂದನ್ನು ಆತ ಪ್ರಾಮಾಣಿಕ ವ್ಹಿಗ್‌ಗಳ ಕೂಟವೆಂದು ಹೆಸರಿಟ್ಟು ನೆನೆಯುತ್ತಿದ್ದ. ಪಾದ್ರಿ ರಿಚರ್ಡ್ ಪ್ರೈಸ್, ವಿದ್ಯುತ್ ಪ್ರಯೋಗಗಳ ಜಾನ್ ಕ್ಯಾಂಟನ್, ಮುಂದೆ ಆಮ್ಲಜನಕಕ್ಕಾಗಿ ಹೆಸರಾದ ಜೋಸೆಫ್ ಪ್ರೀಸ್ಟ್ಲಿ ಅಲ್ಲಿ ಬರುತ್ತಿದ್ದರು. ಚೀಸ್ ಹಚ್ಚಿದ ರೊಟ್ಟಿ, ಸೇಬಿನ ತಿನಿಸು, ಬಿಯರ್, ಮಾತು. ವಿದ್ಯುತ್ತಿನ ಇತಿಹಾಸ ಬರೆಯಬೇಕೆಂದಿದ್ದ ಪ್ರೀಸ್ಟ್ಲಿಗೆ ಪುಸ್ತಕಗಳನ್ನು ಒದಗಿಸಿ, ಕರಡು ತಿದ್ದಿ ಬೆನ್ನುಹತ್ತಿದವನು ಫ್ರಾಂಕ್ಲಿನ್. 1767ರಲ್ಲಿ ಆ ಪುಸ್ತಕ ಬಂತು. ಇಂಗ್ಲೆಂಡಿನ ಅಂಚೆ ಹಡಗುಗಳು ಅಮೆರಿಕ ತಲುಪಲು ವರ್ತಕರ ಹಡಗುಗಳಿಗಿಂತ ಏಕೆ ತಡವಾಗುತ್ತವೆ ಎಂಬ ಪ್ರಶ್ನೆ ಎದ್ದಾಗ ಆತ ಕೇಳಿದ್ದು ಪಂಡಿತರನ್ನಲ್ಲ. ತಿಮಿಂಗಿಲ ಬೇಟೆಯ ನೌಕೆಗಳನ್ನು ಬಲ್ಲ ನಾಂಟುಕೆಟ್‌ನ ತನ್ನ ದಾಯಾದಿ ತಿಮೋತಿ ಫೋಲ್ಜರ್‌ನನ್ನು. ಗಲ್ಫ್ ಸ್ಟ್ರೀಮ್ ಪ್ರವಾಹದ ನಕ್ಷೆ ಸಿದ್ಧವಾದದ್ದು ಹಾಗೆ. ಬ್ರಿಟಿಷ್ ಕಪ್ತಾನರು ಆ ನಕ್ಷೆಯನ್ನು ಕಡೆಗಣಿಸಿದರು ಎಂಬುದು ಬೇರೆ ಮಾತು.

ಇಷ್ಟೆಲ್ಲ ಇದ್ದೂ ಬಂದ ಕೆಲಸ ಅರೆಬರೆಯಾಯಿತು. ಪೆನ್ ಕುಟುಂಬದ ಮೇಲೆ ಷರತ್ತುಬದ್ಧ ತೆರಿಗೆಗೆ 1760ರಲ್ಲಿ ಒಪ್ಪಿಗೆ ಸಿಕ್ಕಿದ್ದಷ್ಟೇ. ಫ್ರಾಂಕ್ಲಿನ್‌ನ ಬಳಗದ ದೌರ್ಬಲ್ಯ ಇಲ್ಲಿ ಕಾಣುತ್ತದೆ. ಮುದ್ರಕರು, ವೈದ್ಯರು, ಇಂಗ್ಲೆಂಡಿನ ಚರ್ಚ್‌ಗೆ ಸೇರದ ಪಾದ್ರಿಗಳು, ವರ್ತಕರು. ವಿದ್ಯೆಯಲ್ಲಿ ಇವರಿಗೆ ಸರಿಸಮರಿರಲಿಲ್ಲ, ಆದರೆ ಅಧಿಕಾರ ಇವರ ಮನೆಯಲ್ಲಿರಲಿಲ್ಲ. ವೈದ್ಯ ಜಾನ್ ಪ್ರಿಂಗಲ್ ಮೂಲಕ ಪ್ರಧಾನಿ ಬ್ಯೂಟ್ ಪ್ರಭುವಿನವರೆಗೆ ಒಂದು ದಾರಿಯಿತ್ತು. ಮಗ ವಿಲಿಯಂಗೆ 1762ರಲ್ಲಿ ನ್ಯೂಜೆರ್ಸಿಯ ಗವರ್ನರ್ ಹುದ್ದೆ ದೊರೆತದ್ದು ಆ ದಾರಿಯಲ್ಲೇ ಎಂದು ಇತಿಹಾಸಕಾರರು ಊಹಿಸುತ್ತಾರೆ. ತಂದೆಯ ಪ್ರಭಾವದ ಅತಿ ದೊಡ್ಡ ಫಲ ಅದು. ಅತಿ ಕಹಿಯಾದದ್ದೂ ಅದೇ.

ದೂರದ ಊರಿನಲ್ಲಿ ಸ್ನೇಹಿತರ ನಡುವೆ ಬೆರೆತವನು ತನ್ನ ಊರಿನ ನಾಡಿಮಿಡಿತ ಮರೆಯುವ ಅಪಾಯವೂ ಉಂಟು. 1765ರಲ್ಲಿ ಬ್ರಿಟಿಷ್ ಸಂಸತ್ತು ವಸಾಹತುಗಳ ಮೇಲೆ ಸ್ಟಾಂಪ್ ತೆರಿಗೆ ಹೇರಿದಾಗ, ಎರಡನೆಯ ಬಾರಿ ಪ್ರತಿನಿಧಿಯಾಗಿ ಲಂಡನ್ನಿನಲ್ಲಿದ್ದ ಫ್ರಾಂಕ್ಲಿನ್ ಅದನ್ನು ಅನಿವಾರ್ಯವೆಂದು ಭಾವಿಸಿ, ವಸೂಲಿ ಅಧಿಕಾರಿಯ ಹುದ್ದೆಗೆ ತನ್ನ ಗೆಳೆಯ ಜಾನ್ ಹ್ಯೂಸ್ ಹೆಸರನ್ನೇ ಸೂಚಿಸಿದ. ಫಿಲಡೆಲ್ಫಿಯಾ ಕೆರಳಿತು. ಆತನ ಮನೆಗೇ ಮುತ್ತಿಗೆ ಬೀಳುವ ಸ್ಥಿತಿ ಬಂದಾಗ, ಹೆಂಡತಿ ಡೆಬೊರಾ ಮನೆ ಬಿಟ್ಟು ಕದಲದೆ ಬಂದೂಕು ತರಿಸಿಕೊಂಡು ಕುಳಿತಳು. ತಪ್ಪು ತಿದ್ದಿಕೊಳ್ಳಲು ಫ್ರಾಂಕ್ಲಿನ್‌ಗೆ ನೆರವಾದದ್ದೂ ಬಳಗವೇ. 1766ರ ಫೆಬ್ರುವರಿಯಲ್ಲಿ ಕಾಮನ್ಸ್ ಸಭೆ ಆತನ ಸಾಕ್ಷ್ಯ ಕೇಳಿತು. ಪ್ರಶ್ನೆಗಳಲ್ಲಿ ಹಲವು, ಸದಸ್ಯರಾಗಿದ್ದ ಸ್ನೇಹಿತರು ಮೊದಲೇ ಮಾತಾಡಿಕೊಂಡು ಕೇಳಿದವು. ಮಾರ್ಚ್‌ನಲ್ಲಿ ತೆರಿಗೆ ರದ್ದಾಯಿತು. ಸಾಕ್ಷ್ಯದ ಪ್ರತಿ ಅಮೆರಿಕದಲ್ಲಿ ಹರಡಲು ಸ್ಟ್ರಾಹನ್ ಕೈಜೋಡಿಸಿದ. ಒಂದೊಂದಾಗಿ ಜಾರ್ಜಿಯಾ, ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್ ವಸಾಹತುಗಳೂ ಆತನನ್ನೇ ಪ್ರತಿನಿಧಿಯಾಗಿ ನೇಮಿಸಿಕೊಂಡವು.

ಈ ಕಟ್ಟಡ ಕುಸಿದದ್ದು ಕಾಗದಗಳಿಂದಲೇ. ಮ್ಯಾಸಚೂಸೆಟ್ಸ್‌ನ ಗವರ್ನರ್ ಥಾಮಸ್ ಹಚಿನ್ಸನ್ ಹಿಂದೆ ಲಂಡನ್ನಿನ ಗೆಳೆಯನಿಗೆ ಬರೆದ ಖಾಸಗಿ ಕಾಗದಗಳು ಫ್ರಾಂಕ್ಲಿನ್ ಕೈಸೇರಿದವು. ಯಾರಿಂದ ಎಂಬುದನ್ನು ಆತ ಸಾಯುವವರೆಗೂ ಹೇಳಲಿಲ್ಲ. ವಸಾಹತಿನವರ ಸ್ವಾತಂತ್ರ್ಯವನ್ನು ಮೊಟಕುಗೊಳಿಸಬೇಕೆಂಬ ಧಾಟಿ ಅವುಗಳಲ್ಲಿತ್ತು. ಪ್ರಕಟಿಸಬಾರದೆಂಬ ಷರತ್ತಿನ ಮೇಲೆ 1772ರ ಡಿಸೆಂಬರ್‌ನಲ್ಲಿ ಆತ ಅವನ್ನು ಬೋಸ್ಟನ್ನಿಗೆ ಕಳುಹಿಸಿದ. ಆರು ತಿಂಗಳಲ್ಲಿ ಅವು ಅಚ್ಚಾದವು. ಕದ್ದವರಾರೆಂಬ ಶಂಕೆಯಲ್ಲಿ ಲಂಡನ್ನಿನಲ್ಲಿ ಇಬ್ಬರ ನಡುವೆ ದ್ವಂದ್ವಯುದ್ಧವೇ ನಡೆದಾಗ, ಕಳುಹಿಸಿದವನು ತಾನೆಂದು ಫ್ರಾಂಕ್ಲಿನ್ ಬಹಿರಂಗವಾಗಿ ಒಪ್ಪಿಕೊಂಡ. 1774ರ ಜನವರಿ 29ರಂದು ಪ್ರಿವಿ ಕೌನ್ಸಿಲ್ ಮುಂದೆ ಸಾಲಿಸಿಟರ್ ಜನರಲ್ ವೆಡರ್‌ಬರ್ನ್ ಸುಮಾರು ಒಂದು ಗಂಟೆ ಆತನನ್ನು ಕಳ್ಳನೆಂದು ಹೀಗಳೆದ. ಬೋಸ್ಟನ್ ಬಂದರಿನಲ್ಲಿ ಚಹಾ ಸುರಿದ ಸುದ್ದಿ ಆಗಷ್ಟೇ ತಲುಪಿತ್ತು. ತುಂಬಿದ ಸಭೆ ನಗುತ್ತಿದ್ದರೆ, ಮಖಮಲ್ಲಿನ ಉಡುಪು ತೊಟ್ಟ 68ರ ಮುದುಕ ಮುಖದ ಒಂದು ಗೆರೆಯೂ ಕದಲದಂತೆ ನಿಂತಿದ್ದ. ನೋಡುತ್ತಿದ್ದವರಲ್ಲಿ ಪ್ರೀಸ್ಟ್ಲಿ ಒಬ್ಬರು. ಮರುದಿನಗಳಲ್ಲೇ ವಸಾಹತುಗಳ ಅಂಚೆ ಮುಖ್ಯಸ್ಥನ ಹುದ್ದೆಯಿಂದ ಆತನನ್ನು ವಜಾ ಮಾಡಲಾಯಿತು. ಇನ್ನೊಬ್ಬರ ಖಾಸಗಿ ಕಾಗದವನ್ನು ಸಾಗಿಸಿದ್ದು ಸರಿಯೇ ಎಂಬ ಪ್ರಶ್ನೆಗೆ ಆತನ ಅಭಿಮಾನಿಗಳ ಬಳಿ ಇಂದಿಗೂ ನೇರ ಉತ್ತರವಿಲ್ಲ. 

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಕೆಲಸ ಕಳೆದುಕೊಂಡು ಸಂಸಾರವೂ ಒಡೆದುಹೋಗಿದ್ದ ಒಬ್ಬ ಅಬ್ಕಾರಿ ನೌಕರ ಆತನ ಬಳಿ ಬಂದ. ಫಿಲಡೆಲ್ಫಿಯಾದಲ್ಲಿದ್ದ ಅಳಿಯನಿಗೆ ಫ್ರಾಂಕ್ಲಿನ್ ನಾಲ್ಕು ಸಾಲಿನ ಶಿಫಾರಸು ಬರೆದುಕೊಟ್ಟ. ಗುಮಾಸ್ತನೋ ಉಪಾಧ್ಯಾಯನೋ ಆಗಬಹುದೆಂಬುದು ಅದರ ಸಾರ. ಒಯ್ದವನ ಹೆಸರು ಥಾಮಸ್ ಪೇನ್. 1776ರ ಜನವರಿಯಲ್ಲಿ ಆತ ಪ್ರಕಟಿಸಿದ ಕಾಮನ್ ಸೆನ್ಸ್ ಎಂಬ ಕಿರುಹೊತ್ತಗೆ ಅಮೆರಿಕವನ್ನು ಸ್ವಾತಂತ್ರ್ಯದ ಕಡೆಗೆ ತಿರುಗಿಸಿತು.

ಕಡಲು ದಾಟಲು ಹೆದರುತ್ತಿದ್ದ ಡೆಬೊರಾ ಒಮ್ಮೆಯೂ ಲಂಡನ್ನಿಗೆ ಬರಲಿಲ್ಲ. ಆಕೆಯನ್ನು ಕರೆಸಲು 1757ರಲ್ಲಿ ಸ್ಟ್ರಾಹನ್ ಖುದ್ದು ಕಾಗದ ಬರೆದು, ಲಂಡನ್ನಿನ ಹೆಂಗಸರ ಬಗ್ಗೆ ಎಚ್ಚರಿಸುವ ತಮಾಷೆಯನ್ನೂ ಮಾಡಿದ್ದ. 1769ರಲ್ಲಿ ಆಕೆಗೆ ಪಾರ್ಶ್ವವಾಯು ಬಡಿಯಿತು. ಇನ್ನೇನು ಹೊರಟೆ ಎಂದು ಗಂಡ ಬರೆಯುತ್ತಲೇ ಇದ್ದ. 1774ರ ಡಿಸೆಂಬರ್ 19ರಂದು ಆಕೆ ತೀರಿಕೊಂಡಾಗ ಗಂಡನ ಮುಖ ಕಂಡು ಹತ್ತು ವರ್ಷವಾಗಿತ್ತು. ಆ ಚಳಿಗಾಲ ಫ್ರಾಂಕ್ಲಿನ್ ಹೋವ್ ಪ್ರಭುವಿನ ಸೋದರಿಯೊಡನೆ ಚದುರಂಗ ಆಡುವ ನೆಪದಲ್ಲಿ ರಾಜಿಯ ಗುಪ್ತ ಮಾತುಕತೆ ನಡೆಸುತ್ತಿದ್ದ. ಅದೂ ಫಲಿಸಲಿಲ್ಲ. ಸಾವಿರಾರು ಕಾಗದ ಬರೆದು, ಕಂಡರಿಯದವರನ್ನೂ ಹತ್ತಿರ ಮಾಡಿಕೊಂಡ ಈ ಮನುಷ್ಯನ ಜೀವನಚರಿತ್ರೆಯಲ್ಲಿ ಮನಸ್ಸಿಗೆ ಒಗ್ಗದ ಅಧ್ಯಾಯ ಇದು.

1775ರಲ್ಲಿ ಊರಿಗೆ ಮರಳುವ ವೇಳೆಗೆ ಯುದ್ಧ ಆರಂಭವಾಗಿತ್ತು. ಸಂಸತ್ತಿನ ಸದಸ್ಯನಾಗಿ ಸರ್ಕಾರದ ಪರ ಮತ ಹಾಕಿದ್ದ ಸ್ಟ್ರಾಹನ್‌ಗೆ, ನೀನಿನ್ನು ನನ್ನ ಶತ್ರು ಎಂಬರ್ಥದ ಒಂದು ಕಟುವಾದ ಕಾಗದವನ್ನು ಆತ ಬರೆದ. ಮುಂದೆ ಜಗತ್ಪ್ರಸಿದ್ಧವಾದ ಆ ಕಾಗದವನ್ನು ಅಂಚೆಗೆ ಮಾತ್ರ ಹಾಕಲಿಲ್ಲ. ಎರಡೇ ದಿನ ಬಿಟ್ಟು ಸ್ನೇಹದ ಧಾಟಿಯ ಇನ್ನೊಂದು ಕಾಗದ ಹೋಯಿತು.

1776ರ ಡಿಸೆಂಬರ್‌ನಲ್ಲಿ, ಎಪ್ಪತ್ತು ದಾಟಿದ ಫ್ರಾಂಕ್ಲಿನ್ ಹೊಸ ರಾಷ್ಟ್ರದ ಪ್ರತಿನಿಧಿಯಾಗಿ ಫ್ರಾನ್ಸ್‌ಗೆ ಬಂದಿಳಿದ. ಈ ಸಲ ಬರಿಗೈಯಲ್ಲಿ ಬರಲಿಲ್ಲ. 1772ರಲ್ಲೇ ಫ್ರೆಂಚ್ ವಿಜ್ಞಾನ ಅಕಾಡೆಮಿ ಆತನನ್ನು ವಿದೇಶಿ ಸದಸ್ಯನಾಗಿಸಿತ್ತು. ವೈದ್ಯ ಬಾರ್ಬ್ಯೂ ದ್ಯುಬೂರ್ ಆತನ ಬರಹಗಳನ್ನು ಅನುವಾದಿಸಿ ಪ್ರಕಟಿಸಿದ್ದ. ಪಾಸಿ ಎಂಬಲ್ಲಿ ಶ್ರೀಮಂತ ವರ್ತಕ ಶೋಮಾನ ಬಂಗಲೆಯಲ್ಲಿ ನೆಲೆಸಿ, ತುಪ್ಪಳದ ಟೊಪ್ಪಿಗೆ ತೊಟ್ಟು ಓಡಾಡತೊಡಗಿದ. ಪ್ಯಾರಿಸ್ ಆ ಟೊಪ್ಪಿಗೆಗೆ ಮರುಳಾಯಿತು. 1778ರ ಫೆಬ್ರುವರಿ 6ರಂದು ಫ್ರಾನ್ಸ್ ಜತೆ ಮೈತ್ರಿಯ ಒಪ್ಪಂದವಾಯಿತು. ಅದೇ ವರ್ಷ ಬಂದ ಜಾನ್ ಆಡಮ್ಸ್‌ಗೆ ಮಾತ್ರ ಈ ರೀತಿ ಹಿಡಿಸಲಿಲ್ಲ. ಫ್ರಾಂಕ್ಲಿನ್ ತಡವಾಗಿ ಏಳುತ್ತಾನೆ, ದಿನವೆಲ್ಲ ಔತಣ, ಭೇಟಿಗಳಲ್ಲೇ ಕಳೆಯುತ್ತಾನೆ, ಕಡತಗಳಿಗೆ ಗತಿಯಿಲ್ಲ ಎಂದು ಆಡಮ್ಸ್ ಗೊಣಗಿದರು. ಅವರ ದೂರಿನಲ್ಲಿ ಸುಳ್ಳಿರಲಿಲ್ಲ. ಆದರೆ ಫ್ರಾನ್ಸಿನ ಸಾಲ, ಸಹಾಯಧನ, ಬಂದೂಕುಗಳು ಬಂದದ್ದು ಆ ಭೇಟಿಗಳ ದಾರಿಯಲ್ಲೇ.

ಶಿಫಾರಸು ಕೇಳಿಕೊಂಡು ಬರುವವರ ಕಾಟ ಮಾತ್ರ ವಿಪರೀತ. ಅಮೆರಿಕದ ಸೇನೆಯಲ್ಲಿ ಪದವಿ ಬೇಕೆಂದು ಅಧಿಕಾರಿಗಳು, ಅವರ ಪರವಾಗಿ ತಾಯಂದಿರು, ಮಠಾಧಿಪತಿಗಳು ಮುತ್ತಿಕೊಳ್ಳುತ್ತಿದ್ದರು. ರೋಸಿಹೋದ ಫ್ರಾಂಕ್ಲಿನ್ 1777ರಲ್ಲಿ, ತನಗೆ ಹೆಸರೂ ಗೊತ್ತಿಲ್ಲದ ವ್ಯಕ್ತಿಯನ್ನು ಶಿಫಾರಸು ಮಾಡುವ ಒಂದು ಮಾದರಿ ಪತ್ರವನ್ನೇ ತಮಾಷೆಗೆ ರಚಿಸಿದ. ಆದರೆ ಪ್ರಷ್ಯದ ಮಾಜಿ ಕ್ಯಾಪ್ಟನ್ ಸ್ಟಾಯ್ಬನ್ ವಿಚಾರದಲ್ಲಿ, ಅದೇ ಫ್ರಾಂಕ್ಲಿನ್ ಅವನನ್ನು ಲೆಫ್ಟಿನೆಂಟ್ ಜನರಲ್ ಎಂದು ಬಣ್ಣಿಸಿ ವಾಷಿಂಗ್ಟನ್‌ಗೆ ಕಾಗದ ಬರೆದ. ಬಣ್ಣನೆ ಸುಳ್ಳು, ಆಯ್ಕೆ ಸರಿ. ವ್ಯಾಲಿ ಫೋರ್ಜ್ ಶಿಬಿರದಲ್ಲಿ ಹಸಿದು ಚದುರಿದ್ದ ಸೇನೆಗೆ ಕವಾಯತು ಕಲಿಸಿದವನು ಆ ಸ್ಟಾಯ್ಬನ್.

ಎಡ್ವರ್ಡ್ ಬ್ಯಾಂಕ್ರಾಫ್ಟ್ ವಿಚಾರದಲ್ಲಿ ಹಾಗಾಗಲಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದ ಈ ವಿಜ್ಞಾನಪ್ರಿಯ ವೈದ್ಯನನ್ನು 1773ರಲ್ಲಿ ರಾಯಲ್ ಸೊಸೈಟಿಗೆ ಸೂಚಿಸಿದವರಲ್ಲಿ ಫ್ರಾಂಕ್ಲಿನ್ ಒಬ್ಬ. ಪ್ಯಾರಿಸ್ಸಿನಲ್ಲಿ ಆತ ಅಮೆರಿಕದ ನಿಯೋಗದ ಕಾರ್ಯದರ್ಶಿಯಂತೆ ದುಡಿದ. ಬ್ರಿಟಿಷರಿಂದಲೂ ಸಂಬಳ ಪಡೆಯುತ್ತಿದ್ದ. ಪ್ರೇಮಪತ್ರದ ಸಾಲುಗಳ ನಡುವೆ ಅದೃಶ್ಯ ಶಾಯಿಯಲ್ಲಿ ವರದಿ ಬರೆದು, ಸೀಸೆಯೊಳಗಿಟ್ಟು, ಟ್ಯುಲೆರಿ ಉದ್ಯಾನದ ಮರದ ಪೊಟರೆಯಲ್ಲಿ ಇಳಿಬಿಡುವುದು ಆತನ ಮಂಗಳವಾರದ ಕೆಲಸ. ಫ್ರಾಂಕ್ಲಿನ್‌ಗೆ ಇದು ಕೊನೆಯವರೆಗೂ ತಿಳಿಯಲಿಲ್ಲವೆಂದೇ ಹೆಚ್ಚಿನವರ ಅಭಿಪ್ರಾಯ. ಜಗತ್ತಿಗೆ ತಿಳಿದದ್ದು 1889ರಲ್ಲಿ, ಹಳೆಯ ದಾಖಲೆಗಳು ಅಚ್ಚಾದಾಗ.

ಯುದ್ಧಕಾಲದಲ್ಲೂ ಲಂಡನ್ನಿನ ಎಳೆಗಳು ಪೂರ್ತಿ ಕಡಿಯಲಿಲ್ಲ. 1779ರಲ್ಲಿ ಬೆಂಜಮಿನ್ ವಾನ್ ಎಂಬ ತರುಣ ಶತ್ರುರಾಜ್ಯದ ರಾಜಧಾನಿಯಲ್ಲೇ ಫ್ರಾಂಕ್ಲಿನ್ ಬರಹಗಳ ಸಂಪುಟ ಪ್ರಕಟಿಸಿದ. ಅದೇ ವರ್ಷ ಫ್ರಾಂಕ್ಲಿನ್, ಶೋಧಯಾನದಿಂದ ಹಿಂದಿರುಗುವ ಕ್ಯಾಪ್ಟನ್ ಕುಕ್ ಎದುರಾದರೆ ತಡೆಯದೆ ನೆರವಾಗಬೇಕೆಂದು ಅಮೆರಿಕದ ಹಡಗುಗಳಿಗೆ ಸುತ್ತೋಲೆ ಹೊರಡಿಸಿದ. ಕುಕ್ ಹವಾಯಿಯಲ್ಲಿ ಹತನಾದ ಸುದ್ದಿ ಆಗಿನ್ನೂ ಯುರೋಪಿಗೆ ತಲುಪಿರಲಿಲ್ಲ. 1782ರ ಮಾರ್ಚ್‌ನಲ್ಲಿ ಹಳೆಯ ಪರಿಚಿತ ಶೆಲ್ಬರ್ನ್ ಪ್ರಭುವಿಗೆ ಆತ ಬರೆದ ಚುಟುಕು ಕಾಗದದಲ್ಲಿ, ಸ್ನೇಹಿತೆ ಮದಾಂ ಹೆಲ್ವೇಶಿಯಸ್‌ಗೆ ಕಳುಹಿಸಿದ್ದ ಗೂಸ್‌ಬೆರಿ ಗಿಡಗಳ ಪ್ರಸ್ತಾಪವೂ ಇತ್ತು. ಕೆಲವೇ ದಿನಗಳಲ್ಲಿ ಶೆಲ್ಬರ್ನ್ ಮಂತ್ರಿಯಾದ. ಸಂಧಾನಕ್ಕೆ ದೂತ ಬಂದ. ನವೆಂಬರ್ 30ರಂದು ಪ್ರಾಥಮಿಕ ಒಪ್ಪಂದಕ್ಕೆ ಸಹಿಯಾಯಿತು. ಆ ಶರತ್ಕಾಲದಲ್ಲಿ ಫ್ರಾಂಕ್ಲಿನ್‌ಗೆ ಸರ್ಕಾರಿ ಕಾಗದಪತ್ರಗಳನ್ನು ತಂದ ಕಪ್ತಾನ ಜೋಶುವಾ ಬಾರ್ನಿ, ಕೆಲವೇ ತಿಂಗಳ ಹಿಂದೆ ಬ್ರಿಟಿಷ್ ನೌಕೆಯೊಂದನ್ನು ಸೆರೆಹಿಡಿದು ಹೆಸರಾಗಿದ್ದ. ಅವನು ಆಗ ನಡೆಸುತ್ತಿದ್ದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು ಹೈದರ್ ಅಲಿ. ಮೈಸೂರಿನಲ್ಲಿ ಬ್ರಿಟಿಷರನ್ನು ಎದುರಿಸುತ್ತಿದ್ದವನ ಕೀರ್ತಿ ಅಟ್ಲಾಂಟಿಕ್ ದಾಟಿತ್ತು.

1785ರಲ್ಲಿ ಊರಿಗೆ ಮರಳುವ ದಾರಿಯಲ್ಲಿ ಸೌತಾಂಪ್ಟನ್ ಬಂದರಿನಲ್ಲಿ ಫ್ರಾಂಕ್ಲಿನ್ ಮಗನನ್ನು ಕಂಡ. ವಿಲಿಯಂ ದೊರೆಯ ಪಕ್ಷ ಬಿಡದೆ, ಸೆರೆವಾಸ ಅನುಭವಿಸಿ, ಇಂಗ್ಲೆಂಡಿಗೆ ವಲಸೆ ಬಂದಿದ್ದ. ರಾಜಿಯ ಆಸೆ ಅವನಿಗಿತ್ತು. ನಡೆದದ್ದು ಬಹುಪಾಲು ಜಮೀನು, ಸಾಲಗಳ ವಿಲೇವಾರಿ. ತನ್ನನ್ನು ಟೀಕಿಸಿದವರನ್ನು, ವೈರಿಪಕ್ಷದಲ್ಲಿದ್ದ ಸ್ಟ್ರಾಹನ್‌ನನ್ನು, ಬ್ರಿಟಿಷ್ ಮಂತ್ರಿಗಳನ್ನು ಕ್ಷಮಿಸಿದ ಮನುಷ್ಯ, ತಾನೇ ಶಿಫಾರಸು ಮಾಡಿ ಗವರ್ನರ್ ಮಾಡಿದ ಮಗನನ್ನು ಕ್ಷಮಿಸಲಿಲ್ಲ. ಉಯಿಲಿನಲ್ಲಿ ಆತನಿಗೆ ಬಿಟ್ಟದ್ದು ಅತ್ಯಲ್ಪ, ಕಾರಣವನ್ನೂ ಅಲ್ಲೇ ನಮೂದಿಸಿದ. 1790ರ ಏಪ್ರಿಲ್ 17ರಂದು ಫಿಲಡೆಲ್ಫಿಯಾದಲ್ಲಿ ಫ್ರಾಂಕ್ಲಿನ್ ಕೊನೆಯುಸಿರೆಳೆದಾಗ ಹಾಸಿಗೆಯ ಬಳಿಯಿದ್ದವರಲ್ಲಿ ಕ್ರೇವನ್ ಬೀದಿಯ ಮನೆಯೊಡತಿಯ ಮಗಳು ಪಾಲಿ ಒಬ್ಬಳು. ಆತನ ಮಾತಿಗೆ ಓಗೊಟ್ಟು, ಮಕ್ಕಳೊಂದಿಗೆ ಲಂಡನ್ ಬಿಟ್ಟು, ನಾಲ್ಕು ವರ್ಷಗಳ ಹಿಂದೆ ಆಕೆ ಆ ಊರಿಗೆ ಬಂದು ನೆಲೆಸಿದ್ದಳು.